ಇಂಕಿನಲ್ಲಿ ಎಷ್ಟು, ಪೆನ್ಸಿಲ್‌ನಲ್ಲಿ ಎಷ್ಟು

ಡೈನೋಸಾರ್ ಚಿತ್ರ ಬಿಡಿಸುವಾಗ ನಾನೊಂದು ನಿಯಮ ಇಟ್ಟುಕೊಂಡಿದ್ದೇನೆ. ನಿಜವಾಗಿ ಸಿಕ್ಕಿರುವ ಮೂಳೆ ಕಪ್ಪು ಇಂಕಿನಲ್ಲಿ. ಊಹೆಯೆಲ್ಲ ಪೆನ್ಸಿಲ್‌ನಲ್ಲಿ. ಹಾಗಾಗಿ ನನ್ನ ಪುಸ್ತಕದ ಎಷ್ಟೋ ಹಾಳೆಗಳು ನೋಡೋಕೆ ಚೆನ್ನಾಗಿಲ್ಲ. ಅರ್ಧ ದವಡೆ, ಬೆನ್ನಿನ ಎರಡು ಮೂಳೆ, ಸುತ್ತ ಮಸುಕು ಗೆರೆ. ಅಷ್ಟೇ.

ಈ ಬುದ್ಧಿ ಬಂದದ್ದು ಡೀನೋಕೈರಸ್‌ನಿಂದ. 1965ರಲ್ಲಿ ಪೋಲೆಂಡ್ ಮತ್ತು ಮಂಗೋಲಿಯಾದ ವಿಜ್ಞಾನಿಗಳ ತಂಡಕ್ಕೆ ಗೋಬಿ ಮರುಭೂಮಿಯಲ್ಲಿ ಇದರ ಎರಡು ತೋಳುಗಳು ಸಿಕ್ಕವು. ಒಂದೊಂದೂ 2.4 ಮೀಟರ್ ಉದ್ದ! ಜೊತೆಗೆ ಪಕ್ಕೆಲುಬು, ಬೆನ್ನುಮೂಳೆಯ ಒಂದಿಷ್ಟು ತುಂಡು. ತಲೆಯಿಲ್ಲ, ಕಾಲಿಲ್ಲ. ಹೆಸರಿನ ಅರ್ಥವೇ 'ಭಯಂಕರ ಕೈ'. ಚಿಕ್ಕವನಿದ್ದಾಗ ಆ ತೋಳುಗಳ ಫೋಟೋ ನೋಡಿದ್ದೆ. ಅಂಥ ಕೈ ಇದ್ದರೆ ಬಾಯಿ ಹೇಗಿರಬೇಡ ಅಂತ ಒಂದು ರಾಕ್ಷಸನನ್ನೇ ಬರೆದುಬಿಟ್ಟೆ. ಬಾಯಿ ತುಂಬ ಹಲ್ಲು, ಹಲ್ಲಿನ ತುಂಬ ರಕ್ತ. ಎಲ್ಲವೂ ಇಂಕಿನಲ್ಲಿ.

2014ರಲ್ಲಿ ಉಳಿದ ದೇಹದ ವಿವರ ಹೊರಬಂತು. ಆಗಲೇ ಬೇರೆ ಎರಡು ಅಸ್ಥಿಪಂಜರ ಸಿಕ್ಕಿದ್ದವು. ಅದರಲ್ಲಿ ಒಂದರ ತಲೆ, ಪಾದಗಳನ್ನು ಕಳ್ಳರು ಮೊದಲೇ ಕಿತ್ತುಕೊಂಡು ಹೋಗಿದ್ದರು. ಅವು ಯುರೋಪಿನಲ್ಲಿ ಯಾರದೋ ಖಾಸಗಿ ಸಂಗ್ರಹದಲ್ಲಿ ಪತ್ತೆಯಾಗಿ ಮಂಗೋಲಿಯಾಕ್ಕೆ ಮರಳಿದವು. ಎಲ್ಲ ಜೋಡಿಸಿ ನೋಡಿದರೆ ಬಾಯಲ್ಲಿ ಒಂದು ಹಲ್ಲೂ ಇಲ್ಲ! ಬಾತುಕೋಳಿಯಂಥ ಅಗಲ ಮೂತಿ, ಬೆನ್ನ ಮೇಲೆ ಡುಬ್ಬ, ಸುಮಾರು 11 ಮೀಟರ್ ಉದ್ದದ ಮೈ. ಹೊಟ್ಟೆಯಿದ್ದ ಜಾಗದಲ್ಲಿ ಸಾವಿರಕ್ಕೂ ಜಾಸ್ತಿ ಬೆಣಚುಕಲ್ಲು, ಮೀನಿನ ಅವಶೇಷ. ನನ್ನ ರಾಕ್ಷಸ ಸೊಪ್ಪು ಮೀನು ತಿಂದುಕೊಂಡು ನೀರಿನ ಬದಿಯಲ್ಲಿ ಓಡಾಡಿಕೊಂಡಿತ್ತು.

ಇಲ್ಲಿ ತೋಳುಗಳದ್ದು ಏನೂ ತಪ್ಪಿರಲಿಲ್ಲ. ಹೆಚ್ಚುಕಡಿಮೆ ಒಂದೇ ಉದ್ದದ ಮೂರು ಬೆರಳು ನೋಡಿ, ಇದು ಉಷ್ಟ್ರಪಕ್ಷಿಯಂತೆ ಕಾಣುವ ಡೈನೋಸಾರ್‌ಗಳ ಕಡೆಯದು ಅಂತ ತಿಳಿದವರು ಮೊದಲೇ ಅಂದಿದ್ದರು. ಅದು ನಿಜವೇ ಆಯಿತು. ಹಲ್ಲು ಅಂಟಿಸಿದ್ದು ನಾನು.

ಬಲ್ಲವರೂ ಕೆಲವೊಮ್ಮೆ ಎಡವುತ್ತಾರೆ. ಅರ್ಜೆಂಟೀನಾದ ಮೆಗಾರಾಪ್ಟರ್‌ಗೆ 1998ರಲ್ಲಿ ಹೆಸರಿಟ್ಟಾಗ ಅದರ ಕುಡುಗೋಲಿನಂಥ ದೊಡ್ಡ ಉಗುರು ಕಾಲಿನದು ಅಂದುಕೊಂಡಿದ್ದರು. ಆಮೇಲೆ ಪೂರ್ತಿ ಕೈ ಸಿಕ್ಕಿತು. ಉಗುರು ಕೈಯದು.

ಹೆಜ್ಜೆ ಗುರುತಿನ ಕಥೆಯೇ ಬೇರೆ. ಮೂಳೆ ಸತ್ತ ಪ್ರಾಣಿಯದು. ಹೆಜ್ಜೆ ಹಾಗಲ್ಲ, ಬದುಕಿದ್ದಾಗಲೇ ಇಟ್ಟದ್ದು. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಆರ್. ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಹೆಜ್ಜೆಗಳಿಂದ ವೇಗ ಅಳೆಯುವ ದಾರಿ ತೋರಿಸಿದರು. ಪಾದದ ಉದ್ದದ ಸುಮಾರು ನಾಲ್ಕು ಪಟ್ಟು ಸೊಂಟದ ಎತ್ತರ. ಒಂದೇ ಕಾಲಿನ ಒಂದು ಹೆಜ್ಜೆಯಿಂದ ಅದೇ ಕಾಲಿನ ಮುಂದಿನ ಹೆಜ್ಜೆಗೆ ಎಷ್ಟು ದೂರ ಅಂತ ಅಳೆಯಬೇಕು. ಆ ದೂರ ಸೊಂಟದ ಎತ್ತರದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ನಡಿಗೆ. 30 ಸೆಂಟಿಮೀಟರ್ ಪಾದ ಅಂದರೆ 1.2 ಮೀಟರ್ ಸೊಂಟ. ಒದ್ದೆ ಕಾಲಲ್ಲಿ ನೆಲದ ಮೇಲೆ ನಡೆದು ನಾನೂ ಅಳೆದು ನೋಡಿದೆ. ನಾಲ್ಕು ಪಟ್ಟಿನ ಲೆಕ್ಕ ಸುಮಾರಾಗಿ ಸರಿಹೋಯಿತು. ಡೈನೋಸಾರ್‌ಗಳು ಬೆರಳೂರಿ ನಡೆಯುತ್ತಿದ್ದವು, ನಾನು ಹಿಮ್ಮಡಿ ಊರುತ್ತೇನೆ. ಹಾಗಾಗಿ ಅದು ಸುಮ್ನೆ ಕಾಕತಾಳೀಯ, ಬಿಡಿ.

ಒಂದೇ ತೊಂದರೆ, ಯಾರ ಹೆಜ್ಜೆ ಅಂತ ಹೇಳುವುದು ಕಷ್ಟ. ಕೆಸರು ತೆಳುವಾಗಿದ್ದರೆ ಒಂದು ಆಕಾರ, ಗಟ್ಟಿ ಇದ್ದರೆ ಇನ್ನೊಂದು. ಅದಕ್ಕೇ ಹೆಜ್ಜೆಗಳಿಗೆ ಬೇರೆಯೇ ಹೆಸರಿಡುತ್ತಾರೆ. ಚೀನಾದ ಶಾಂಡಾಂಗ್‌ನಲ್ಲಿ ಸಿಕ್ಕ ಡ್ರೋಮಿಯೋಪೋಡಸ್ ಅಂಥದ್ದು. 2008ರಲ್ಲಿ ಅದರ ವಿವರ ಪ್ರಕಟವಾಯಿತು. ಅದರಲ್ಲಿ ಎರಡೇ ಬೆರಳು ಊರಿವೆ. ವೆಲೊಸಿರಾಪ್ಟರ್ ಬಳಗದವು ಕುಡುಗೋಲು ಉಗುರಿನ ಬೆರಳನ್ನು ಮೇಲೆತ್ತಿಕೊಂಡು ನಡೆಯುತ್ತಿದ್ದವು ಅಂತ ಮೂಳೆಗಳು ಹೇಳುತ್ತಿದ್ದವು. ಹೆಜ್ಜೆಯೂ ಅದನ್ನೇ ಹೇಳಿತು. ಅಲ್ಲಿ ಆರು ಪ್ರಾಣಿಗಳ ಹೆಜ್ಜೆಸಾಲು ಪಕ್ಕಪಕ್ಕದಲ್ಲೇ ಒಂದೇ ದಿಕ್ಕಿಗೆ ಹೋಗಿವೆ. ಗುಂಪಾಗಿ ಹೊರಟಿದ್ದವೇನೋ. 'ಏನೋ' ಅನ್ನುವುದು ಪೆನ್ಸಿಲ್.

ನನಗೆ ತುಂಬ ಇಷ್ಟವಾದದ್ದು ಸ್ಪೇನಿನ ಲಾ ರಿಯೋಹಾದ್ದು. 2007ರಲ್ಲಿ ಅದರ ಬಗ್ಗೆ ಬರೆದರು. ಸುಮಾರು 15 ಮೀಟರ್ ಉದ್ದಕ್ಕೆ ಹನ್ನೆರಡು ಗೀರಿನ ಗುಂಪು. ಒಂದೊಂದು ಗುಂಪಿನಲ್ಲೂ ಎರಡು ಮೂರು ಗೀರು. ಪಾದವೇ ಊರಿಲ್ಲ! ಎರಡು ಕಾಲಿನ ಒಂದು ಮಾಂಸಾಹಾರಿ ಡೈನೋಸಾರ್ ಈಜುತ್ತಿತ್ತು. ಉಗುರ ತುದಿ ಮಾತ್ರ ತಳದ ಮರಳನ್ನು ಗೀರಿದೆ. ನೀರಿನ ಆಳ ಸುಮಾರು 3.2 ಮೀಟರ್ ಅಂತ ಲೆಕ್ಕ ಹಾಕಿದ್ದಾರೆ. ಎಡಗಾಲಿನ ಗೀರು, ಬಲಗಾಲಿನ ಗೀರು ಒಂದೇ ಥರ ಇಲ್ಲ. ಸೆಳೆತ ಪಕ್ಕಕ್ಕೆ ಎಳೆಯುತ್ತಿತ್ತು, ಅದು ದಾರಿ ತಪ್ಪದಂತೆ ಹೆಣಗುತ್ತಿತ್ತು. ಇದನ್ನು ಯಾವ ಮೂಳೆ ಹೇಳೀತು?

ಆ ಹಾಳೆಯನ್ನು ಕಳೆದ ವಾರ ಮುಗಿಸಿದೆ. ಗೀರುಗಳನ್ನು ಇಂಕಿನಲ್ಲಿ ಎಳೆದೆ, ಹತ್ತು ನಿಮಿಷವೂ ಆಗಲಿಲ್ಲ. ಮೇಲೆ ನೀರು ಪೆನ್ಸಿಲ್‌ನಲ್ಲಿ. ಪ್ರಾಣಿಯನ್ನು ಎರಡು ಸಲ ಬರೆದು ಅಳಿಸಿದೆ. ಈಗ ಅಲ್ಲಿ ರಬ್ಬರಿನ ಮಸುಕು ಕಲೆ ಮಾತ್ರ ಇದೆ, ಹಾಗೇ ಬಿಟ್ಟಿದ್ದೇನೆ.