ಸ್ಯಾಕ್ರಮೆಂಟೊ ಸುತ್ತಲಿನ ‘ಸಿಟಿಯಲ್ಲದ’ ಊರುಗಳಲ್ಲಿ ಮನೆ ತಗೊಳ್ಳಬಹುದಾ?

ಬೇ ಏರಿಯಾ ಬಿಟ್ಟು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊ ಕಡೆ ಮನೆ ಹುಡುಕುವ ಕನ್ನಡ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಕಾರ್ಮೈಕಲ್, ಫೇರ್ ಓಕ್ಸ್, ಎಲ್ ಡೊರಾಡೊ ಹಿಲ್ಸ್ ಇವೆಲ್ಲ ಸಿಟಿಗಳೇ ಅಲ್ವಂತೆ. ಮೇಯರ್ ಇಲ್ಲ, ಸಿಟಿ ಹಾಲ್ ಇಲ್ಲ. ಹಾಗಾದ್ರೆ ನೀರು, ರಸ್ತೆ, ಪೊಲೀಸು, ಕಸ ಎಲ್ಲ ಯಾರು ನೋಡ್ಕೊಳ್ತಾರೆ? ಅಲ್ಲಿ ಮನೆ ತಗೊಂಡ್ರೆ ತೊಂದ್ರೆ ಆಗಲ್ವಾ?”

ಧಾರಾಳವಾಗಿ ತಗೊಳ್ಳಿ. ಆದರೆ ಊರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಆ ಒಂದು ಸೈಟಿನ ಕಾಗದಪತ್ರ ನೋಡಿ ಮಾಡಿ. ಇಲ್ಲಿ ಎದುರುಬದುರು ಮನೆಗಳಿಗೇ ಬೇರೆ ಬೇರೆ ನೀರಿನ ಸಂಸ್ಥೆ ಇರಬಹುದು. ಪಿನ್‌ಕೋಡ್ ಒಂದೇ ಆಗಿದ್ದರೂ ಒಂದು ಮನೆ ಸಿಟಿಯೊಳಗೆ, ಇನ್ನೊಂದು ಹೊರಗೆ ಇರಬಹುದು. ವಿಳಾಸದಲ್ಲಿ ‘ಸ್ಯಾಕ್ರಮೆಂಟೊ’ ಎಂದಿರುವುದು ಅಂಚೆಯವರ ಅನುಕೂಲಕ್ಕೆ ಮಾತ್ರ. ಆರ್ಡನ್-ಆರ್ಕೇಡ್‌ನ ಮನೆಗಳ ವಿಳಾಸದಲ್ಲೆಲ್ಲ ಸ್ಯಾಕ್ರಮೆಂಟೊ ಎಂದೇ ಇರುತ್ತದೆ, ಆದರೆ ಅಲ್ಲಿಯವರು ಸ್ಯಾಕ್ರಮೆಂಟೊ ಮೇಯರ್ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ.

ಸ್ಯಾಕ್ರಮೆಂಟೊ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಸಿಟಿಗಳಿರುವುದು ಏಳೇ: ಸ್ಯಾಕ್ರಮೆಂಟೊ, ಫಾಲ್ಸಮ್, ಎಲ್ಕ್ ಗ್ರೋವ್, ಸಿಟ್ರಸ್ ಹೈಟ್ಸ್, ರಾಂಚೊ ಕಾರ್ಡೋವ, ಗಾಲ್ಟ್, ಐಲ್ಟನ್. ಇವುಗಳ ಹೊರಗೆ ಸುಮಾರು 6 ಲಕ್ಷ ಜನ ಇದ್ದಾರೆ. ಅಂದರೆ ಸ್ಯಾಕ್ರಮೆಂಟೊ ಸಿಟಿಯ ಒಳಗಿರುವವರಿಗಿಂತಲೂ ಹೆಚ್ಚು. 2020ರ ಜನಗಣತಿಯ ಪ್ರಕಾರ ಆರ್ಡನ್-ಆರ್ಕೇಡ್ ಒಂದರಲ್ಲೇ 94 ಸಾವಿರ ಜನ, ಕಾರ್ಮೈಕಲ್‌ನಲ್ಲಿ ಸುಮಾರು 80 ಸಾವಿರ. ಬೆಂಗಳೂರಿನ ಅಂಚಿನ ಒಂದು ಲೇಔಟ್ ಪಾಲಿಕೆಗೆ ಸೇರದಿದ್ದರೂ ಗ್ರಾಮ ಪಂಚಾಯಿತಿಗಾದರೂ ಸೇರಿರುತ್ತದೆ. ಇಲ್ಲಿ ಆ ಮೆಟ್ಟಿಲೇ ಇಲ್ಲ. ಕೌಂಟಿಯ ಐವರು ಸೂಪರ್‌ವೈಸರ್‌ಗಳ ಮಂಡಳಿಯೇ ಇಡೀ ಜಿಲ್ಲೆಯ ಆಡಳಿತವನ್ನೂ ಈ ಊರುಗಳ ಪುರಸಭೆಯ ಕೆಲಸವನ್ನೂ ಮಾಡುತ್ತದೆ.

ಹೀಗಾಗಿದ್ದಕ್ಕೆ ಕಾರಣ ಊರುಗಳು ಬೆಳೆದ ಕ್ರಮ. ಫೇರ್ ಓಕ್ಸ್ 1895ರಲ್ಲಿ, ಕಾರ್ಮೈಕಲ್ 1909ರಲ್ಲಿ ಹಣ್ಣಿನ ತೋಟಗಳ ಕಾಲೊನಿಗಳಾಗಿ ಶುರುವಾದವು. ತೋಟಕ್ಕೆ ಮೊದಲು ಬೇಕಾದದ್ದು ನೀರು. ಹಾಗಾಗಿ ಕಾರ್ಮೈಕಲ್‌ನವರು 1916ರಲ್ಲಿ, ಫೇರ್ ಓಕ್ಸ್‌ನವರು 1917ರಲ್ಲಿ ತಮ್ಮ ತಮ್ಮ ನೀರಿನ ಡಿಸ್ಟ್ರಿಕ್ಟ್ ಕಟ್ಟಿಕೊಂಡರು. ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಜಿಲ್ಲೆಯಲ್ಲ, ಒಂದು ಸೇವೆಗಾಗಿ ಇರುವ ಸ್ಥಳೀಯ ಸರ್ಕಾರಿ ಸಂಸ್ಥೆ. ಎರಡನೇ ಮಹಾಯುದ್ಧದ ನಂತರ ಮೆಕ್‌ಕ್ಲೆಲನ್ ಮತ್ತು ಮೇದರ್ ವಾಯುನೆಲೆಗಳಲ್ಲಿ, ಏರೋಜೆಟ್ ರಾಕೆಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗಾಗಿ ತೋಟಗಳೇ ಸೈಟುಗಳಾದವು. ಬೆಂಕಿ ನಂದಿಸಲು ಒಂದು ಡಿಸ್ಟ್ರಿಕ್ಟ್, ಪಾರ್ಕಿಗೆ ಒಂದು, ಚರಂಡಿಗೆ ಒಂದು ಎಂದು ಬೇಕಾದ ಹಾಗೆ ಹುಟ್ಟಿಕೊಂಡವು. ಎಲ್ಲವನ್ನೂ ಸೇರಿಸುವ ಪ್ರಯತ್ನಗಳೂ ಆದವು. ಉತ್ತರ ಸ್ಯಾಕ್ರಮೆಂಟೊ ಎಂಬ ಪ್ರತ್ಯೇಕ ಸಿಟಿ 1964ರಲ್ಲಿ ಸ್ಯಾಕ್ರಮೆಂಟೊ ಜತೆ ವಿಲೀನವಾಯಿತು. ಆದರೆ ಸಿಟಿ ಮತ್ತು ಕೌಂಟಿಯನ್ನೇ ಒಂದು ಮಾಡುವ ಪ್ರಸ್ತಾಪವನ್ನು ಮತದಾರರು 1974ರಲ್ಲೂ 1990ರಲ್ಲೂ ತಿರಸ್ಕರಿಸಿದರು.

ಈಗ ದಿನದ ಬದುಕಿಗೆ ಬರೋಣ. ಪೊಲೀಸ್ ಕೆಲಸ ಶೆರಿಫ್‌ರದು. ಆದರೆ ರಸ್ತೆಯಲ್ಲಿ ಎರಡು ಕಾರು ಡಿಕ್ಕಿಯಾದರೆ ವರದಿ ಬರೆಯಲು ಬರುವವರು ಕ್ಯಾಲಿಫೋರ್ನಿಯಾ ಹೈವೇ ಪಟ್ರೋಲ್‌ನವರು, ಅದು ನಿಮ್ಮ ಮನೆ ಮುಂದಿನ ಸಣ್ಣ ಬೀದಿಯೇ ಆದರೂ. ವಿಮೆಗೆ ವರದಿ ಬೇಕಾದಾಗ ಶೆರಿಫ್ ಕಚೇರಿಗೆ ಅಲೆದು ಕಾಲ ಕಳೆಯುವವರು ಬಹಳ. ಬೆಂಕಿ ಮತ್ತು ಆಂಬುಲೆನ್ಸ್‌ಗೆ ಹೆಚ್ಚಿನ ಕಡೆ 2000ದಲ್ಲಿ ವಿಲೀನದಿಂದ ರೂಪುಗೊಂಡ ಮೆಟ್ರೊ ಫೈರ್ ಎಂಬ ಅಗ್ನಿಶಾಮಕ ಡಿಸ್ಟ್ರಿಕ್ಟ್ ಇದೆ. ಈ ವಿಷಯದಲ್ಲಿ ಸಿಟಿಯವರಿಗಿಂತ ಏನೂ ಕಡಿಮೆಯಿಲ್ಲ. ಗ್ರಂಥಾಲಯ ಸಿಟಿ-ಕೌಂಟಿ ಜಂಟಿ ವ್ಯವಸ್ಥೆ, ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಕಸ ಕೌಂಟಿಯದು, ಮೂರು ಡಬ್ಬಿ. ಅಡುಗೆಮನೆಯ ತರಕಾರಿ ಸಿಪ್ಪೆ, ಮಿಕ್ಕ ಅನ್ನ ಹಸಿರು ಡಬ್ಬಿಗೆ. ನಾಯಿ ಕಳೆದುಹೋದರೆ ಕೌಂಟಿಯ ಬ್ರಾಡ್‌ಶಾ ಆಶ್ರಯ ಕೇಂದ್ರ, ಸಿಟಿಯ ಫ್ರಂಟ್ ಸ್ಟ್ರೀಟ್ ಕೇಂದ್ರ ಎರಡನ್ನೂ ವಿಚಾರಿಸಿ. ಗಡಿ ನಾಯಿಗೆ ಗೊತ್ತಿರುವುದಿಲ್ಲ. ರಸ್ತೆ ಗುಂಡಿ, ಕೆಟ್ಟ ಬೀದಿದೀಪದಂಥ ದೂರಿಗೆ 311 ಎಂಬ ಫೋನ್ ಸಂಖ್ಯೆ ಇದೆ, ಆದರೆ ಸಿಟಿಗೊಂದು, ಕೌಂಟಿಗೊಂದು. ಮಾತು ಶುರುವಾಗುವ ಮೊದಲೇ ಯಾರಿಗೆ ಕರೆ ಹೋಗಿದೆ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಬೀದಿ ತಮ್ಮ ನಕ್ಷೆಯಲ್ಲಿಲ್ಲ ಎಂದು ದೂರನ್ನು ಅಲ್ಲೇ ಮುಚ್ಚಿಬಿಡುತ್ತಾರೆ.

ನೀರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ವ್ಯತ್ಯಾಸ ಹೆಚ್ಚಿರುವುದು ಇಲ್ಲೇ. ಫೇರ್ ಓಕ್ಸ್, ಆರೆಂಜ್‌ವೇಲ್ ಕಡೆಗೆ ಮುಖ್ಯವಾಗಿ ಫಾಲ್ಸಮ್ ಜಲಾಶಯದ ನೀರು ಬರುತ್ತದೆ. ಅದು ಮೆದು ನೀರು. ಕಾರ್ಮೈಕಲ್ ಡಿಸ್ಟ್ರಿಕ್ಟ್ ಅಮೆರಿಕನ್ ನದಿಯ ನೀರನ್ನು ಶುದ್ಧೀಕರಿಸಿ ಕೊಡುತ್ತದೆ. ಆರ್ಡನ್-ಆರ್ಕೇಡ್, ನಾರ್ತ್ ಹೈಲ್ಯಾಂಡ್ಸ್‌ನ ದೊಡ್ಡ ಭಾಗ 2002ರಲ್ಲಿ ಎರಡು ಡಿಸ್ಟ್ರಿಕ್ಟ್‌ಗಳು ಸೇರಿ ಆದ ಸ್ಯಾಕ್ರಮೆಂಟೊ ಸಬರ್ಬನ್ ವ್ಯಾಪ್ತಿಯಲ್ಲಿದೆ. ಅಲ್ಲಿ ಕೊಳವೆಬಾವಿ ನೀರಿನ ಪಾಲು ಹೆಚ್ಚು. ಆಂಟಿಲೋಪ್, ರೋಸ್‌ಮಾಂಟ್ ಕಡೆ ಕ್ಯಾಲಿಫೋರ್ನಿಯಾ ಅಮೆರಿಕನ್ ವಾಟರ್ ಎಂಬ ಖಾಸಗಿ ಕಂಪನಿ. ಡಿಸ್ಟ್ರಿಕ್ಟ್ ಆದರೆ ದರ ಏರಿಸುವ ಮುನ್ನ, 1996ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರಸ್ತಾಪ 218ರ ಪ್ರಕಾರ, 45 ದಿನ ಮೊದಲೇ ಮನೆಮನೆಗೆ ಲಿಖಿತ ನೋಟಿಸ್ ಕಳಿಸಬೇಕು. ಅರ್ಧಕ್ಕಿಂತ ಹೆಚ್ಚು ಸ್ವತ್ತಿನವರು ಬರೆದು ವಿರೋಧಿಸಿದರೆ ಏರಿಕೆ ನಿಲ್ಲುತ್ತದೆ. ಖಾಸಗಿ ಕಂಪನಿಯ ದರ ನಿಗದಿಯಾಗುವುದು ರಾಜ್ಯದ ಆಯೋಗದಲ್ಲಿ, ಅಲ್ಲಿ ಒಬ್ಬ ಗ್ರಾಹಕರ ದನಿ ಕೇಳಿಸುವುದು ಕಷ್ಟ. ನನ್ನ ಮಟ್ಟಿಗೆ ಹೇಳುವುದಾದರೆ, ಬೆಲೆ ಒಂದೇ ಇರುವ ಎರಡು ಮನೆಗಳಲ್ಲಿ ಡಿಸ್ಟ್ರಿಕ್ಟ್ ನೀರಿನ ಮನೆಯೇ ಮೇಲು.

ಒಳಚರಂಡಿ ಬಹುತೇಕ ಕಡೆ ಸ್ಯಾಕ್‌ಸೂವರ್ ಸಂಸ್ಥೆಯದು. ಮುಖ್ಯ ಕೊಳವೆಯಿಂದ ನಿಮ್ಮ ಸೈಟಿನ ಗಡಿಯವರೆಗೆ ಅವರ ಜವಾಬ್ದಾರಿ, ಅಲ್ಲಿಂದ ಒಳಗೆ ನಿಮ್ಮದು. 1950-60ರ ದಶಕದ ಮನೆಗಳಲ್ಲಿ ಆ ಒಳಗಿನ ಕೊಳವೆ ಮಣ್ಣಿನದ್ದು, ಕೆಲವೆಡೆ ಡಾಂಬರು ಮೆತ್ತಿದ ಕಾಗದದ ನಾರಿನದ್ದು. ಹಳೆಯ ಮರಗಳ ಬೇರು ಕೀಲುಗಳಲ್ಲಿ ನುಗ್ಗಿ ಕಟ್ಟಿಕೊಳ್ಳುತ್ತದೆ. ಸಾಮಾನ್ಯ ಹೋಮ್ ಇನ್‌ಸ್ಪೆಕ್ಷನ್‌ನಲ್ಲಿ ಇದು ಸಿಗುವುದಿಲ್ಲ, ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು. ರಿಯೊ ಲಿಂಡಾ, ವಿಲ್ಟನ್, ಆರೆಂಜ್‌ವೇಲ್‌ನ ಕೆಲ ಭಾಗಗಳಲ್ಲಿ ಇನ್ನೂ ಸೆಪ್ಟಿಕ್ ಟ್ಯಾಂಕ್ ಇದೆ. ಆಗ ಟ್ಯಾಂಕನ್ನು ಖಾಲಿ ಮಾಡಿಸಿಯೇ ಪರೀಕ್ಷೆ ಮಾಡಿಸಿ, ನೀರು ಇಂಗುವ ಜಾಗ ಹಿತ್ತಲಿನಲ್ಲಿ ಎಲ್ಲಿದೆ ಎಂದು ನಕ್ಷೆ ತೆಗೆದುಕೊಳ್ಳಿ. ಅದರ ಮೇಲೆ ಈಜುಕೊಳವನ್ನಾಗಲಿ ಕೋಣೆಯನ್ನಾಗಲಿ ಕಟ್ಟುವಂತಿಲ್ಲ. ದೊಡ್ಡ ಹಿತ್ತಲು ಎಂದು ಹಿಗ್ಗಿ ಕೊಂಡವರು ಆಮೇಲೆ ಬೇಸರಪಡುವುದು ಇಲ್ಲೇ.

ವಿದ್ಯುತ್ತಿನ ವಿಷಯದಲ್ಲಿ ಕೌಂಟಿ ಗಡಿ ಬಹಳ ಮುಖ್ಯ. ಸ್ಯಾಕ್ರಮೆಂಟೊ ಕೌಂಟಿಯ ಈ ಊರುಗಳಿಗೆಲ್ಲ ಜನರದೇ ಒಡೆತನದ ಸ್ಮಡ್ ಎಂಬ ವಿದ್ಯುತ್ ಸಂಸ್ಥೆ ಇದೆ. 1923ರಲ್ಲಿ ಮತದಾರರು ಒಪ್ಪಿದ ಸಂಸ್ಥೆ ಅದು. ಫಾಲ್ಸಮ್ ದಾಟಿ ಪಕ್ಕದ ಎಲ್ ಡೊರಾಡೊ ಕೌಂಟಿಯಲ್ಲಿರುವ ಎಲ್ ಡೊರಾಡೊ ಹಿಲ್ಸ್‌ಗೆ ಹೋದರೆ ಪಿಜಿ ಅಂಡ್ ಇ ಎಂಬ ಖಾಸಗಿ ಕಂಪನಿ. ಸ್ಮಡ್ ದರ ಅದರ ಹೆಚ್ಚುಕಡಿಮೆ ಅರ್ಧ. ಸ್ಮಡ್‌ನಲ್ಲಿ ದುಬಾರಿ ಹೊತ್ತು ವಾರದ ದಿನಗಳಲ್ಲಿ ಸಂಜೆ 5ರಿಂದ 8. ಪಿಜಿ ಅಂಡ್ ಇಯ ಸಾಮಾನ್ಯ ಯೋಜನೆಯಲ್ಲಿ ಪ್ರತಿದಿನ 4ರಿಂದ 9. ಜುಲೈನಲ್ಲಿ 40 ಡಿಗ್ರಿ ದಾಟುವ ಊರಿದು, ಎಸಿ ಇಲ್ಲದೆ ಆಗುವುದಿಲ್ಲ. ಎಲ್ ಡೊರಾಡೊ ಹಿಲ್ಸ್‌ನ ಶಾಲೆಗಳ ಹೆಸರು ಕೇಳಿ ಹೋಗುವವರು ಮಾರುವವರಿಂದ ಹಿಂದಿನ ಬೇಸಿಗೆಯ ಬಿಲ್ಲು ಕೇಳಿ ಪಡೆಯಿರಿ. ಅಲ್ಲಿ ಇನ್ನೊಂದು ತೊಡಕು ಕಾಳ್ಗಿಚ್ಚಿನ ವಿಮೆ. ಕೆಲ ಇಳಿಜಾರುಗಳಲ್ಲಿ ಸಾಮಾನ್ಯ ಕಂಪನಿಗಳು ವಿಮೆ ಕೊಡದೆ, ಕೊನೆಯ ದಾರಿಯಾಗಿ ಫೇರ್ ಪ್ಲಾನ್ ಎಂಬ ವಿಮಾ ವ್ಯವಸ್ಥೆಗೆ ಹೋಗಬೇಕಾಗುತ್ತದೆ. ಖರೀದಿ ಒಪ್ಪಂದದಿಂದ ಹಿಂದೆ ಸರಿಯಲು ಬಿಡುವ ಷರತ್ತುಗಳನ್ನು (ಕಂಟಿಂಜೆನ್ಸಿ) ಬಿಟ್ಟುಕೊಡುವ ಮೊದಲೇ ವಿಮೆಯ ದರ ಬರಹದಲ್ಲಿ ಕೈಗೆ ಬಂದಿರಲಿ.

ಇವನ್ನೆಲ್ಲ ಪರೀಕ್ಷಿಸುವುದು ಹೇಗೆ? ಮೊದಲು ಸೈಟಿನ ಪಾರ್ಸೆಲ್ ಸಂಖ್ಯೆ, ಅಂದರೆ ಸರ್ಕಾರಿ ದಾಖಲೆಯಲ್ಲಿ ಅದರ ಗುರುತಿನ ಸಂಖ್ಯೆ, ತೆಗೆದುಕೊಳ್ಳಿ. ಸ್ಯಾಕ್ರಮೆಂಟೊ ಕೌಂಟಿಯಲ್ಲಿ ಅದು 14 ಅಂಕಿಗಳದ್ದು. ಆಸ್ತಿ ಮೌಲ್ಯ ನಿಗದಿ ಮಾಡುವ ಕೌಂಟಿ ಅಸೆಸರ್‌ರ ಆನ್‌ಲೈನ್ ನಕ್ಷೆಯಲ್ಲಿ ಅದನ್ನು ಹಾಕಿದರೆ ಸೈಟು ಸಿಟಿಯೊಳಗಿದೆಯೇ ಇಲ್ಲವೇ ಎಂಬುದು ಖಚಿತವಾಗುತ್ತದೆ. ಆಮೇಲೆ ಅದೇ ಸಂಖ್ಯೆಯಿಂದ ಆಸ್ತಿ ತೆರಿಗೆಯ ಬಿಲ್ಲು ತೆರೆಯಿರಿ. ಮೇಲಿರುವುದು 1978ರ ಪ್ರಸ್ತಾಪ 13ರ ಶೇ 1ರ ಮೂಲ ತೆರಿಗೆ ಮತ್ತು ಬಾಂಡ್ ಸಾಲ ತೀರಿಸುವ ತೆರಿಗೆ. ಅದರ ಕೆಳಗೆ ‘ಡೈರೆಕ್ಟ್ ಲೆವಿ’ ಎಂಬ ಭಾಗವಿರುತ್ತದೆ. ಕೊಳ್ಳುವವರು ಓದಬೇಕಾದದ್ದು ಅದನ್ನು. ಬೀದಿದೀಪ, ಪ್ರವಾಹ ತಡೆ, ಪಾರ್ಕು, ಎಲ್ಲಕ್ಕಿಂತ ಮುಖ್ಯವಾಗಿ ಮೆಲೊ-ರೂಸ್ (ಬಡಾವಣೆಯ ರಸ್ತೆ, ಶಾಲೆಯಂಥ ಸೌಕರ್ಯಗಳ ಖರ್ಚಿಗೆ ಹಾಕುವ ವಿಶೇಷ ತೆರಿಗೆ) ಅಲ್ಲೇ ಕಾಣುತ್ತದೆ. ವಿನ್‌ಯರ್ಡ್‌ನಂಥ ಹೊಸ ಬಡಾವಣೆಗಳಲ್ಲಿ ಇದು ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು. ಮನೆಯ ಬೆಲೆ ಇಳಿದರೂ ಇದು ಇಳಿಯುವುದಿಲ್ಲ. ಎಷ್ಟನೇ ವರ್ಷಕ್ಕೆ ಮುಗಿಯುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಕಾರ್ಮೈಕಲ್, ಆರ್ಡನ್ ಕಡೆಯ ಬಹುಪಾಲು ಮನೆಗಳಿಗೆ ಈ ಹೊರೆ ಇಲ್ಲ.

ಮೂರನೆಯದು ಕಟ್ಟಡ ಪರವಾನಗಿಯ ಇತಿಹಾಸ. ಕೌಂಟಿಯಲ್ಲಿ ಅಕ್ರಮ ಕಟ್ಟಡದ ಮೇಲೆ ಕ್ರಮ ಸಾಮಾನ್ಯವಾಗಿ ಯಾರಾದರೂ ದೂರು ಕೊಟ್ಟ ಮೇಲೆಯೇ ಶುರುವಾಗುತ್ತದೆ. ಹಾಗಾಗಿ ಗ್ಯಾರೇಜನ್ನು ಪರವಾನಗಿ ಇಲ್ಲದೆ ಕೋಣೆ ಮಾಡಿಕೊಂಡ ಮನೆಗಳು ದಶಕಗಳಿಂದ ಹಾಗೇ ನಿಂತಿವೆ. ಜಾಹೀರಾತಿನ ಚದರ ಅಡಿಗೂ ಅಸೆಸರ್ ದಾಖಲೆಯ ಚದರ ಅಡಿಗೂ 300-400ರ ವ್ಯತ್ಯಾಸವಿದ್ದರೆ ಕಾರಣ ಬಹುಪಾಲು ಇದೇ. ಸಕ್ರಮ ಮಾಡಿಸುವ ಖರ್ಚು ನಿಮ್ಮ ತಲೆಗೇ ಬರುತ್ತದೆ. ರಿಯೊ ಲಿಂಡಾದ ಡ್ರೈ ಕ್ರೀಕ್, ಆರ್ಕೇಡ್ ಕ್ರೀಕ್ ಹತ್ತಿರವಾದರೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರವಾಹ ನಕ್ಷೆಯನ್ನೂ ನೋಡಿ. ಡ್ರೈ ಕ್ರೀಕ್ 1986ರಲ್ಲಿ, 1995ರಲ್ಲಿ ಮನೆಗಳೊಳಗೆ ನುಗ್ಗಿತ್ತು. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಮಾಡಿಸಿದ 30 ದಿನಗಳ ನಂತರವೇ ಜಾರಿಗೆ ಬರುತ್ತದೆ, ಮೋಡ ಕಂಡ ಮೇಲೆ ಮಾಡಿಸಿ ಪ್ರಯೋಜನವಿಲ್ಲ.

ಕೊಂಡ ಮೇಲೆ ಬೆಚ್ಚಿಬೀಳಿಸುವ ಒಂದು ಲಕೋಟೆ ಬರುತ್ತದೆ: ಸಪ್ಲಿಮೆಂಟಲ್ ತೆರಿಗೆ ಬಿಲ್ಲು. ಹಳೆಯ ಮಾಲೀಕರ ಕಡಿಮೆ ಮೌಲ್ಯಕ್ಕೂ ನಿಮ್ಮ ಖರೀದಿ ಬೆಲೆಗೂ ಇರುವ ಅಂತರದ ಮೇಲಿನ ತೆರಿಗೆ ಅದು. ಬ್ಯಾಂಕಿನವರು ನಿಮ್ಮ ಕಂತಿನಲ್ಲೇ ತೆರಿಗೆ ಕಟ್ಟುತ್ತಿದ್ದರೂ ಇದನ್ನು ಸಾಮಾನ್ಯವಾಗಿ ನೀವೇ ಕಟ್ಟಬೇಕು. ಮೂವತ್ತು ವರ್ಷ ಒಬ್ಬರೇ ಇದ್ದ ಕಾರ್ಮೈಕಲ್ ಮನೆ ಕೊಂಡರೆ ಮೊತ್ತ ದೊಡ್ಡದೇ ಇರುತ್ತದೆ. ಸಾಮಾನ್ಯ ಬಿಲ್ಲಿನ ಎರಡು ಕಂತುಗಳ ಕೊನೆಯ ದಿನ ಡಿಸೆಂಬರ್ 10 ಮತ್ತು ಏಪ್ರಿಲ್ 10. ತಪ್ಪಿದರೆ ಶೇ 10 ದಂಡ.

ಇಷ್ಟೆಲ್ಲ ನೋಡಿಕೊಂಡ ಮೇಲೆ ಲಾಭವೂ ಇದೆ. ಮಾರಾಟ ತೆರಿಗೆ ಸ್ಯಾಕ್ರಮೆಂಟೊ ಸಿಟಿಯೊಳಗೆ ಶೇ 8.75, ಕೌಂಟಿಯ ಈ ಭಾಗಗಳಲ್ಲಿ ಶೇ 7.75. ವಿದ್ಯುತ್, ಫೋನ್‌ಗಳಂಥ ಬಿಲ್ಲುಗಳ ಮೇಲಿನ ತೆರಿಗೆ ಸಿಟಿಯಲ್ಲಿ ಶೇ 7.5, ಇಲ್ಲಿ 2.5. ಸೈಟುಗಳು ದೊಡ್ಡವು. ನಿಂಬೆ, ಕಿತ್ತಳೆ, ಕರಿಬೇವು ಎಲ್ಲಕ್ಕೂ ಜಾಗವಿದೆ, ಕರಿಬೇವಿಗೆ ಮಾತ್ರ ಚಳಿಗಾಲದ ಮಂಜಿನಿಂದ ರಕ್ಷಣೆ ಬೇಕು. ಊರಿಂದ ಬರುವ ಅಪ್ಪ-ಅಮ್ಮನಿಗೆ ಹಿತ್ತಲಲ್ಲಿ ಒಂದು ಪುಟ್ಟ ಮನೆ ಕಟ್ಟುವ ಆಸೆಯಿದ್ದರೆ ಇಂಥ ಉಪಮನೆಗಳಿಗೆಂದೇ ಇರುವ ರಾಜ್ಯದ ಎಡಿಯು ಕಾನೂನು ನಿಮ್ಮ ಪರವಾಗಿದೆ. ಪಕ್ಕಕ್ಕೂ ಹಿಂದಕ್ಕೂ 4 ಅಡಿ ಬಿಟ್ಟರೆ 800 ಚದರ ಅಡಿಯವರೆಗಿನದಕ್ಕೆ ಅನುಮತಿ ಕೊಡಲೇಬೇಕು, ಪೂರ್ಣ ಅರ್ಜಿ ಬಂದ 60 ದಿನದಲ್ಲಿ ತೀರ್ಮಾನಿಸಬೇಕು. 750 ಚದರ ಅಡಿಗಿಂತ ಚಿಕ್ಕದಾದರೆ ಇಂಪ್ಯಾಕ್ಟ್ ಶುಲ್ಕವೂ (ಹೊಸ ಕಟ್ಟಡದಿಂದ ರಸ್ತೆ, ಪಾರ್ಕುಗಳ ಮೇಲೆ ಬೀಳುವ ಹೊರೆಗೆ ಕಟ್ಟುವ ಹಣ) ಇಲ್ಲ. ನೀರು, ಚರಂಡಿ ಸಂಪರ್ಕದ ಶುಲ್ಕ ಎಷ್ಟಾಗುತ್ತದೆ ಎಂಬುದನ್ನು ಮಾತ್ರ ಆಯಾ ಸಂಸ್ಥೆಯಲ್ಲೇ ಕೇಳಿ, ಕೌಂಟಿಯ ಕೌಂಟರಿನಲ್ಲಿ ಅದು ಗೊತ್ತಾಗುವುದಿಲ್ಲ.

ನಷ್ಟವೆಂದರೆ ರಸ್ತೆ. ಹಳೆಯ ಬೀದಿಗಳಲ್ಲಿ ಫುಟ್‌ಪಾತ್ ಇಲ್ಲ, ರಸ್ತೆ ಬದಿಯಲ್ಲಿ ತೆರೆದ ಕಾಲುವೆ. ಮಕ್ಕಳು ಶಾಲೆಗೆ ನಡೆದೇ ಹೋಗಬೇಕು ಎನ್ನುವವರು ಬೆಳಗ್ಗೆ ಎಂಟರ ಹೊತ್ತಿಗೆ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಲೇಬೇಕು. ಡ್ರೈವ್‌ವೇ ಅಗಲ ಮಾಡಲು ಆ ಕಾಲುವೆಯನ್ನು ಮುಚ್ಚಬೇಡಿ. ಕೌಂಟಿ ಅನುಮತಿ ಬೇಕು, ಮೇಲಾಗಿ ಜನವರಿ ಮಳೆಯಲ್ಲಿ ನೀರು ಪಕ್ಕದವರ ಮನೆಗೆ ತಿರುಗುತ್ತದೆ.

“ಮುಂದೆ ಇದು ಸಿಟಿ ಆಗುತ್ತಾ?” ಎಂದು ಏಜೆಂಟರು ಆಸೆ ಹುಟ್ಟಿಸಿದರೆ ನಂಬಬೇಡಿ. ಸಿಟ್ರಸ್ ಹೈಟ್ಸ್ 1997ರಲ್ಲಿ, ಎಲ್ಕ್ ಗ್ರೋವ್ 2000ದಲ್ಲಿ, ರಾಂಚೊ ಕಾರ್ಡೋವ 2003ರಲ್ಲಿ ಸಿಟಿಗಳಾದವು ನಿಜ. ಆದರೆ ಕೌಂಟಿಗೆ ಆದಾಯ ನಷ್ಟವಾಗಬಾರದು ಎಂಬ ನಿಯಮದಿಂದಾಗಿ ಸಿಟ್ರಸ್ ಹೈಟ್ಸ್ ತನ್ನ ಪಾಲಿನ ಆಸ್ತಿ ತೆರಿಗೆಯನ್ನು 25 ವರ್ಷ ಕೌಂಟಿಗೇ ಬಿಟ್ಟುಕೊಡಬೇಕಾಯಿತು. ಎಲ್ ಡೊರಾಡೊ ಹಿಲ್ಸ್ ಮತದಾರರು 2005ರಲ್ಲಿ ಬೇಡವೆಂದರು. ಆರ್ಡನ್-ಆರ್ಕೇಡ್‌ನವರು 2010ರಲ್ಲಿ ಭಾರೀ ಬಹುಮತದಿಂದ ಬೇಡವೆಂದರು. 2011ರಲ್ಲಿ ರಾಜ್ಯ ಸರ್ಕಾರ ಹೊಸ ಸಿಟಿಗಳಿಗೆ ಸಿಗುತ್ತಿದ್ದ ವಾಹನ ಶುಲ್ಕದ ಪಾಲನ್ನೂ ನಿಲ್ಲಿಸಿತು. ಆಮೇಲೆ ಇಡೀ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹೊಸ ಸಿಟಿ 2024ರ ಮೌಂಟನ್ ಹೌಸ್ ಒಂದೇ. ಬೇ ಏರಿಯಾಗೆ ಓಡಾಡುವ ಭಾರತೀಯ ಕುಟುಂಬಗಳು ತುಂಬಿರುವ ಊರದು, ಹಲವರಿಗೆ ಪರಿಚಿತ.

ಸಿಟಿ ಇಲ್ಲದಿದ್ದರೂ ನಿಮ್ಮ ಮಾತು ಹೇಳಲು ಜಾಗವಿದೆ, ನಮ್ಮವರು ಅದನ್ನು ಬಳಸುವುದು ತೀರಾ ಕಡಿಮೆ. ಪಕ್ಕದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತದೆ ಎಂಬ ನೋಟಿಸ್ ಬಂದರೆ ಮೊದಲು ಆ ಪ್ರದೇಶದ ಯೋಜನಾ ಸಲಹಾ ಮಂಡಳಿಯ ಸಭೆಗೆ ಹೋಗಿ. ಕಾರ್ಮೈಕಲ್, ಫೇರ್ ಓಕ್ಸ್, ಆರೆಂಜ್‌ವೇಲ್, ವಿನ್‌ಯರ್ಡ್ ಮುಂತಾದ ಕಡೆ ಇವು ಇವೆ. ಇವರದು ಸಲಹೆ ಮಾತ್ರ, ಆದರೆ ಆ ಸಲಹೆ ಕಡತದಲ್ಲಿ ಸೇರಿ ಸೂಪರ್‌ವೈಸರ್ ಮೇಜಿಗೆ ಹೋಗುತ್ತದೆ. ಹೋಗುವಾಗ ಅರ್ಜಿಯ ಸಂಖ್ಯೆ ಇರಲಿ. ‘ನಮಗೆ ಇಷ್ಟವಿಲ್ಲ’ ಎನ್ನುವ ಬದಲು ವಾಹನ ದಟ್ಟಣೆ, ಮಳೆನೀರು, ಮರ, ಕಟ್ಟಡದ ಎತ್ತರ ಹೀಗೆ ಒಂದೊಂದನ್ನೇ ಹಿಡಿದು ಮಾತನಾಡಿ. ಅದನ್ನೇ ಬರೆದು ಸಭೆಗೆ ಕೆಲ ದಿನ ಮೊದಲು ಕೌಂಟಿ ಯೋಜನಾ ಇಲಾಖೆಗೂ ನಿಮ್ಮ ಸೂಪರ್‌ವೈಸರ್ ಕಚೇರಿಗೂ ಮೇಲ್ ಮಾಡಿ.