ನಶೆಗಾಗಿ ಸೊಲ್ಯೂಷನ್ ಮೂಸಿ ಸತ್ತವರ ವಿಸೆರಾ ವರದಿಯಲ್ಲಿ ಏನೂ ಸಿಗುವುದಿಲ್ಲ, ಏಕೆ?

ಹುಡುಗನ ಪಕ್ಕದಲ್ಲೇ ಪಂಕ್ಚರ್ ಸೊಲ್ಯೂಷನ್ ಟ್ಯೂಬು ಬಿದ್ದಿತ್ತು, ವಿಸೆರಾ (ಶವದ ಒಳಾಂಗಗಳ) ಪರೀಕ್ಷೆಯ ವರದಿ ನೋಡಿದರೆ ‘ವಿಷ ಪತ್ತೆಯಾಗಿಲ್ಲ’ ಎನ್ನುತ್ತದೆ, ಇದು ಹೇಗೆ? ಮೈಸೂರು, ಮಂಡ್ಯ ಕಡೆಯ ತನಿಖಾಧಿಕಾರಿಗಳು, ವಕೀಲರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ನನ್ನ ಉತ್ತರ: ಪ್ರಯೋಗಾಲಯವನ್ನು ದೂರುವ ಮೊದಲು ಮಾದರಿ ಯಾವ ಡಬ್ಬಿಯಲ್ಲಿ ಹೋಯಿತು ಎಂದು ನೋಡಿ.

ವಾಡಿಕೆಯಂತೆ ಹೊಟ್ಟೆ, ಕರುಳು, ಯಕೃತ್ತಿನ ತುಂಡುಗಳನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿ, ಮೂರರಲ್ಲೊಂದು ಭಾಗ ಖಾಲಿ ಬಿಡುತ್ತಾರೆ. ಕೀಟನಾಶಕ ಕುಡಿದ ಪ್ರಕರಣಕ್ಕೆ ಇದು ಸರಿ. ಆದರೆ ಇಂಥ ಸೊಲ್ಯೂಷನ್‌ಗಳಲ್ಲಿ ಸಾಮಾನ್ಯವಾಗಿರುವ, ಬೇಗ ಆವಿಯಾಗುವ ದ್ರಾವಕ ಟಾಲುಯೀನ್‌ಗೆ ಆ ಖಾಲಿ ಜಾಗವೇ ಮುಳುವು. ಆವಿ ಅಲ್ಲಿಗೇರಿ ಕೂತು, ಮುಚ್ಚಳ ತೆಗೆದೊಡನೆ ಹೋಗಿಬಿಡುತ್ತದೆ. ಪ್ಲಾಸ್ಟಿಕ್ಕು, ರಬ್ಬರ್ ಬಿರಡೆ ಕೂಡ ಅದನ್ನು ಹೀರಿಕೊಳ್ಳುತ್ತವೆ.

ಹಾಗಾಗಿ ತೊಡೆಯ ರಕ್ತನಾಳದ ರಕ್ತವನ್ನು ಗಾಜಿನ ಸೀಸೆಯಲ್ಲಿ ಕಂಠಮಟ್ಟ ತುಂಬಬೇಕು. ಮುಚ್ಚಳದ ಒಳಗೆ ಟೆಫ್ಲಾನ್ ಅಥವಾ ಅಲ್ಯೂಮಿನಿಯಂ ಹಾಳೆ ಇರಲಿ. ರಕ್ತ ಕೆಡದಿರಲು 10 ಮಿ.ಲೀ.ಗೆ 100 ಮಿ.ಗ್ರಾಂ ಸೋಡಿಯಂ ಫ್ಲೋರೈಡ್ ಸಾಕು. ಮಿದುಳಿನ ತುಂಡನ್ನು ಮರೆಯಲೇಬಾರದು. ಟಾಲುಯೀನ್ ಕೊಬ್ಬಿನಂಶದಲ್ಲಿ ಕರಗುವುದರಿಂದ ಅಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಶ್ವಾಸಕೋಶದ ಮುಖ್ಯ ಶ್ವಾಸನಾಳವನ್ನು ದಾರದಿಂದ ಬಿಗಿದು ನೈಲಾನ್ ಚೀಲಕ್ಕೆ ಹಾಕಿ. ಪಾಲಿಥೀನ್ ಚೀಲ ಆವಿಯನ್ನು ತಡೆಯದು. ಫಾರ್ಮಲಿನ್, ಸ್ಪಿರಿಟ್ ಹತ್ತಿರ ಸುಳಿಯಬಾರದು. ಚೀಟಿಯನ್ನು ಬಾಲ್‌ಪೆನ್ನಿನಲ್ಲೇ ಬರೆಯಿರಿ, ಮಾರ್ಕರ್ ಶಾಯಿಯಲ್ಲೂ ದ್ರಾವಕವಿದೆ. ಸ್ಥಳದಲ್ಲಿ ಸಿಕ್ಕ ಟ್ಯೂಬು, ಕರ್ಚೀಫು ಬೇರೆಯೇ ಪೆಟ್ಟಿಗೆಯಲ್ಲಿ ಹೋಗಬೇಕು. ರಕ್ತದ ಜೊತೆ ಇಟ್ಟರೆ ಸಿಕ್ಕ ಫಲಿತಾಂಶವನ್ನೂ ನಂಬುವಂತಿಲ್ಲ.

ಎಲ್ಲವೂ 4 ಡಿಗ್ರಿಯಲ್ಲಿರಲಿ. ಮಂಡ್ಯದಿಂದ ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ದಾರಿ ದೂರವೇನಲ್ಲ. ಹೊರಡುವ ಮುಂಚೆ ಫ್ರಿಜ್ಜಿಲ್ಲದೆ ಕಾಯುವ ದಿನಗಳೇ ಮಾದರಿಯನ್ನು ಕೆಡಿಸುವುದು.

ಜೊತೆಗಿನ ಪತ್ರದಲ್ಲಿ ‘ದ್ರಾವಕ ಮೂಸಿದ ಶಂಕೆ, ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮಾಡಿ’ ಎಂದು ಸ್ಪಷ್ಟವಾಗಿ ಬರೆಯಬೇಕು. ಇದಕ್ಕೆ ಕಾರಣವಿದೆ. ಮಾಮೂಲಿ ವಿಧಾನದಲ್ಲಿ ವಿಷವನ್ನು ಈಥರ್‌ನಂಥ ದ್ರಾವಕಕ್ಕೆ ಇಳಿಸಿ, ಆಮೇಲೆ ಆ ದ್ರಾವಕವನ್ನು ಆವಿ ಮಾಡಿ ತೆಗೆಯುತ್ತಾರೆ. ಟಾಲುಯೀನೂ ಅದರ ಜೊತೆಗೇ ಹಾರಿಹೋಗುತ್ತದೆ. ಹೆಡ್‌ಸ್ಪೇಸ್‌ನಲ್ಲಿ ಬಿಗಿಮುಚ್ಚಿದ ಸೀಸೆಯನ್ನು ಸುಮಾರು 60 ಡಿಗ್ರಿಗೆ ಕಾಯಿಸಿ, ಮೇಲೆದ್ದ ಆವಿಯನ್ನೇ ಯಂತ್ರಕ್ಕೆ ಬಿಡುತ್ತಾರೆ. ಕೆಲವರು ಮೂಸುವ ಲೈಟರಿನ ಅನಿಲ ಬ್ಯೂಟೇನ್ ಇನ್ನೂ ಚಂಚಲ. ಅದು ಕುದಿಯುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಮಾದರಿ ತಣ್ಣಗಿರುವಾಗಲೇ ಸೀಸೆಗೆ ಹಾಕದಿದ್ದರೆ ಸಿಗುವುದಿಲ್ಲ.

ಟಾಲುಯೀನ್ ಸಿಕ್ಕಿತೆಂದ ಮಾತ್ರಕ್ಕೆ ಮೂಸಿದ್ದೇ ಎನ್ನಲಾಗದು. ಪೆಟ್ರೋಲಿನಲ್ಲೂ ಅದಿದೆ, ಸ್ಪ್ರೇ ಪೇಂಟಿಂಗ್ ಮಾಡುವವರ ರಕ್ತದಲ್ಲೂ ಸಿಗಬಹುದು. ಟಾಲುಯೀನ್ ದೇಹದಲ್ಲಿ ಮಾರ್ಪಟ್ಟು ಮೂತ್ರಕ್ಕೆ ಬರುವ ಹಿಪ್ಯೂರಿಕ್ ಆಮ್ಲವೊಂದನ್ನೇ ನೆಚ್ಚಬೇಡಿ. ಸೋಡಿಯಂ ಬೆಂಜೋಯೇಟ್ ಇರುವ ತಂಪು ಪಾನೀಯ ಕುಡಿದರೂ ಅದು ಏರುತ್ತದೆ. ಇನ್ನು, ಆಸ್ಪತ್ರೆಯಲ್ಲಿ ಕೆಲವು ಗಂಟೆ ಬದುಕಿದ್ದವರಾದರೆ ಉಸಿರಿನೊಡನೆಯೇ ದ್ರಾವಕ ಹೊರಹೋಗಿರುತ್ತದೆ. ದಾಖಲಾದಾಗ ತೆಗೆದ ರಕ್ತ ಅಲ್ಲಿನ ಲ್ಯಾಬಿನಲ್ಲಿ ಉಳಿದಿದೆಯೇ ಎಂದು ಅಂದೇ ವಿಚಾರಿಸಿ, ಜಪ್ತಿ ಮಾಡಿಕೊಳ್ಳಿ.