ಪಂಚಮಿ ಗೊತ್ತಿರೋ ಏಜೆನ್ಸಿ ಬೇಕಿತ್ತು

ಹುಬ್ಬಳ್ಳಿಯ ಒಂದು ತಿಂಡಿ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ಉಂಡೆ, ಚಕ್ಕುಲಿ, ಚೂಡಾ, ಶೇಂಗಾ ಚಟ್ನಿಪುಡಿ ನಮ್ಮ ಮಾಲು. ಮೊದಲು ನಮ್ಮ ಜಾಹೀರಾತು ಬೆಂಗಳೂರಿನ ಒಂದು ದೊಡ್ಡ ಏಜೆನ್ಸಿ ಕೈಯಲ್ಲಿತ್ತು. ಈಗ ಧಾರವಾಡದ ಮೂರು ಜನರ ಏಜೆನ್ಸಿ ಮಾಡುತ್ತಿದೆ. ಯಾಕೆ ಬದಲಾಯಿಸಿದಿರಿ ಅಂತ ಪರಿಚಯದ ವ್ಯಾಪಾರಸ್ಥರು ಕೇಳುತ್ತಲೇ ಇರುತ್ತಾರೆ.

ದೊಡ್ಡವರು ಕೆಟ್ಟವರೇನಲ್ಲ. ಮೊದಲ ಮೀಟಿಂಗ್‌ಗೆ ಹಿರಿಯರೆಲ್ಲ ಬಂದಿದ್ದರು. ಸಹಿ ಆದ ಮೇಲೆ ಒಬ್ಬರೂ ಕಾಣಲಿಲ್ಲ. ನಮ್ಮಂಥ ಸಣ್ಣ ಬಜೆಟ್‌ನವರ ಕೆಲಸ ಹೊಸದಾಗಿ ಸೇರಿದ ಹುಡುಗರ ಪಾಲಿಗೆ ಹೋಗುತ್ತದೆ, ಅದು ಸಹಜವೇ. ಪೋಸ್ಟರ್‌ನಲ್ಲಿ ಒಂದು ಬೆಲೆ ತಿದ್ದಬೇಕಾದರೂ ನಾನು ಅಕೌಂಟ್ ಮ್ಯಾನೇಜರ್‌ಗೆ ಮೇಲ್ ಹಾಕಬೇಕು, ಅವರು ಡಿಸೈನರ್‌ಗೆ ಹೇಳಬೇಕು, ಅವನ ಕೈಯಲ್ಲಿ ಆಗಲೇ ಬೇರೆ ಕಂಪನಿಗಳ ಕೆಲಸ ತುಂಬಿರುತ್ತದೆ, ಅಷ್ಟರಲ್ಲಿ ನಮ್ಮ ಆಫರ್ ಮುಗಿದೇ ಹೋಗಿರುತ್ತದೆ.

ಅದನ್ನಾದರೂ ಸಹಿಸಬಹುದಿತ್ತು. ವರ್ಷದ ಪ್ಲಾನ್‌ನಲ್ಲಿ ಯುಗಾದಿ, ಗಣೇಶ, ದಸರಾ, ದೀಪಾವಳಿಗೆಲ್ಲ ದುಡ್ಡು ಇಟ್ಟಿದ್ದರು, ನಾಗರ ಪಂಚಮಿಗೆ ಒಂದು ಶುಭಾಶಯದ ಪೋಸ್ಟ್ ಅಷ್ಟೇ. ನಮ್ಮ ಕಡೆ ಪಂಚಮಿ ಅಂದರೆ ಉಂಡೆ ಹಬ್ಬ ಅಲ್ವಾ! ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಜೋಕಾಲಿ ಕಟ್ಟುತ್ತಾರೆ, ಶೇಂಗಾ ಉಂಡೆ, ಎಳ್ಳುಂಡೆ, ರವೆ ಉಂಡೆ ಮನೆಮನೆಗೆ ಹೋಗುತ್ತವೆ. ನಮಗೆ ಎಲ್ಲಕ್ಕಿಂತ ಜಾಸ್ತಿ ವ್ಯಾಪಾರ ಆಗುವುದೇ ಶ್ರಾವಣದ ಆ ದಿನಗಳಲ್ಲಿ.

ಧಾರವಾಡದವರು ಬಂದವರೇ ಕೇಳಿದ್ದು, "ಪಂಚಮಿ ಮಾಲು ಯಾವಾಗ ರೆಡಿ ಆಗ್ತದ್ರಿ ಸರ?" ಏಜೆನ್ಸಿ ಮಾಲೀಕನೇ ಮೊಬೈಲ್ ಹಿಡಿದು ಉಂಡೆ ಕಟ್ಟುವ ಜಾಗಕ್ಕೆ ಬಂದು ನಿಂತ. ಬೆಲ್ಲದ ಪಾಕ ಆರುವ ಮೊದಲೇ ಉಂಡೆ ಕಟ್ಟಬೇಕು, ಹಾಗಾಗಿ ಹೆಂಗಸರು ಕೈಗೆ ತುಪ್ಪ ಸವರಿಕೊಂಡು ಸರಸರ ಕಟ್ಟುತ್ತಾರೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ನಾನು ರೀಲ್‌ಗೆ ಹಿನ್ನೆಲೆಯಲ್ಲಿ ಒಂದು ಹಾಡು ಹಾಕೋಣ ಅಂದೆ. "ಬ್ಯಾಡ್ರಿ, ಅಕ್ಕಾರ ಮಾತೇ ಇರಲಿ" ಅಂದ. ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರು ಆ ರೀಲ್ ನೋಡಿಯೇ ಆರ್ಡರ್ ಹಾಕಿದರು.

ದುಡ್ಡು ಉಳಿಯುತ್ತೆ ಅಂತ ಸಣ್ಣವರ ಹತ್ತಿರ ಹೋಗಬೇಡಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಅವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಬಿಲ್‌ನಲ್ಲಿ ಶೇ. 18 ತೆರಿಗೆ ಇರುವುದಿಲ್ಲ. ಆದರೆ ಆ ತೆರಿಗೆ ಕೊಟ್ಟರೂ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಹೇಗೂ ಕಳೆದುಕೊಳ್ಳುತ್ತೇವೆ, ಹಾಗಾಗಿ ಅದು ಉಳಿತಾಯವೇ ಅಲ್ಲ. ಲಾಭ ಇರುವುದು ಬೇರೆ ಕಡೆ: ನಾನು ಯಾರ ಜೊತೆ ಮಾತಾಡುತ್ತೇನೋ ಅವನೇ ಕೆಲಸ ಮಾಡುತ್ತಾನೆ.

ತೊಂದರೆಗಳೂ ಇವೆ. ಅವನಿಗೆ ಜ್ವರ ಬಂದರೆ ನಮ್ಮ ಕೆಲಸವೂ ಮಲಗುತ್ತದೆ. ಲಗ್ನದ ಸೀಸನ್‌ನಲ್ಲಿ ಮದುವೆ ಶೂಟಿಂಗ್‌ಗೆ ಓಡುತ್ತಾರೆ. ಪೇಪರ್ ಜಾಹೀರಾತಿಗೆ ಐಎನ್‌ಎಸ್ (ಪತ್ರಿಕೆಗಳ ಸಂಘ) ಮಾನ್ಯತೆ ಇರುವ ಏಜೆನ್ಸಿಗಳಿಗೆ ಕಮಿಷನ್, ದುಡ್ಡು ಕಟ್ಟಲು ಸಾಲದ ಅವಧಿ ಎಲ್ಲ ಸಿಗುತ್ತದೆ, ಇವರಿಗೆ ಅದಿಲ್ಲ. ಪೇಪರ್ ಜಾಹೀರಾತನ್ನು ಬೇರೆಯವರ ಮೂಲಕ ಮಾಡಿಸುತ್ತೇವೆ.

ಸಣ್ಣವರಿರಲಿ, ದೊಡ್ಡವರಿರಲಿ, ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ) ಮತ್ತು ಗೂಗಲ್ ಆಡ್ಸ್ ಅಕೌಂಟ್ ನಿಮ್ಮ ಕಂಪನಿ ಹೆಸರಲ್ಲೇ ಇರಲಿ. ಹಳೆಯ ಏಜೆನ್ಸಿ ಜಾಹೀರಾತುಗಳನ್ನೆಲ್ಲ ತನ್ನ ಅಕೌಂಟ್‌ನಿಂದಲೇ ಓಡಿಸಿತ್ತು. ಬಿಟ್ಟಾಗ ಯಾವ ಜಾಹೀರಾತು ಯಾರಿಗೆ ಹಿಡಿಸಿತು ಅನ್ನುವ ಲೆಕ್ಕವೆಲ್ಲ ಅಲ್ಲೇ ಉಳಿಯಿತು. ಪಾಸ್‌ವರ್ಡ್ ಯಾರಿಗೂ ಕೊಡಬೇಕಿಲ್ಲ. ನಿಮ್ಮ ಅಕೌಂಟ್‌ನಲ್ಲಿ ಕೆಲಸ ಮಾಡಲು ಅವರಿಗೆ ಅಕ್ಸೆಸ್ ಕೊಟ್ಟರೆ ಸಾಕು, ಬೇಡ ಅನ್ನಿಸಿದ ದಿನ ತೆಗೆಯಬಹುದು.